ಮಗನ ಮಾತ್ರೆ ತಾಯಿಗೆ ಆಗುತ್ತದೆಯೇ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಮೂವತ್ತೆಂಟರ ಮಹಿಳೆಯೊಬ್ಬರು ಮರೆವು, ಅರ್ಧಕ್ಕೇ ನಿಲ್ಲುವ ಕೆಲಸಗಳು ಮತ್ತು ಅದರಿಂದ ಮನೆಯಲ್ಲಿ ಕೇಳಬೇಕಾಗುವ ಮಾತುಗಳ ಬಗ್ಗೆ ಹೇಳಿಕೊಳ್ಳಲು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದಿದ್ದರು. ಅವರ ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲದಿರುವ, ಚಡಪಡಿಕೆಯ ತೊಂದರೆ) ಇದೆ. ಮನೋವೈದ್ಯರು ಮಗನ ಬಗ್ಗೆ ಕೇಳಿದ ಪ್ರಶ್ನೆಗಳಲ್ಲಿ ಈಕೆಗೆ ತಮ್ಮದೇ ಶಾಲಾದಿನಗಳು ಕಂಡಿದ್ದವು. ವರ್ಷಾಂತ್ಯದ ಲೆಕ್ಕ ಮುಗಿಸಲೇಬೇಕಿದ್ದ ಒಂದು ದಿನ ಮಗನ ಮೀಥೈಲ್‌ಫೆನಿಡೇಟ್ (ಎಡಿಎಚ್‌ಡಿಗೆ ಕೊಡುವ ಉತ್ತೇಜಕ ಔಷಧ) ಮಾತ್ರೆಯನ್ನು ತಾವೇ ನುಂಗಿದ್ದರು. ಕೆಲಸವೇನೋ ಮುಗಿಯಿತು, ಆದರೆ ಎದೆ ಹೊಡೆದುಕೊಳ್ಳತೊಡಗಿತು, ರಾತ್ರಿ ನಿದ್ರೆ ಬರಲಿಲ್ಲ. "ಮೇಡಂ, ಆ ಮಾತ್ರೆ ನನಗೆ ಕೆಲಸ ಮಾಡಿತು ಅಂದಮೇಲೆ ನನಗೂ ಎಡಿಎಚ್‌ಡಿ ಇದೆ ಅಂತಲೇ ಅಲ್ವಾ?" ಎಂಬುದು ಅವರ ಪ್ರಶ್ನೆ.

ಹಾಗೇನೂ ಇಲ್ಲ ಎಂದೆ. ಈ ಔಷಧ ತೊಂದರೆಯಿಲ್ಲದವರಲ್ಲೂ ಎಚ್ಚರವನ್ನು ಹೆಚ್ಚಿಸಬಲ್ಲದು. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ಇದ್ದವೇ, ಮನೆ ಮತ್ತು ಕಚೇರಿ ಎರಡೂ ಕಡೆ ಕಾಡುತ್ತಿವೆಯೇ, ನಿದ್ರೆಗೇಡು, ಥೈರಾಯ್ಡ್, ಖಿನ್ನತೆ ಇವುಗಳಿಂದಲೇ ಹೀಗಾಗಿರಬಹುದೇ ಎಂಬುದನ್ನೆಲ್ಲ ವಿಚಾರಿಸಿ ಮನೋವೈದ್ಯರೇ ನಿರ್ಧರಿಸಬೇಕು. ಮಾತು ಮುಂದುವರಿದಾಗ ಅವರು ಬಿಪಿ ಮಾತ್ರೆಯನ್ನು ನೆನಪಾದಾಗ ಮಾತ್ರ ತೆಗೆದುಕೊಳ್ಳುತ್ತಿದ್ದರೆಂದು ತಿಳಿಯಿತು. ನನಗೆ ಹೆಚ್ಚು ಆತಂಕವಾದದ್ದು ಇಲ್ಲಿಯೇ, ಏಕೆಂದರೆ ಮೀಥೈಲ್‌ಫೆನಿಡೇಟ್ ರಕ್ತದೊತ್ತಡವನ್ನೂ ನಾಡಿಬಡಿತವನ್ನೂ ಏರಿಸುತ್ತದೆ. ಮಗನ ಮಾತ್ರೆಯನ್ನು ಇನ್ನು ಮುಟ್ಟಬಾರದು, ನುಂಗಿದ ಸಂಗತಿಯನ್ನು ವೈದ್ಯರಿಂದ ಮುಚ್ಚಿಡಬಾರದು ಎಂದು ಸ್ಪಷ್ಟವಾಗಿ ಹೇಳಿದೆ.

ಔಷಧ ಬರೆಯುವುದು ಆಪ್ತಸಲಹೆಗಾರರ ಕೆಲಸವಲ್ಲ. ಆದರೂ ವೈದ್ಯರ ಮುಂದೆ ಸರಿಯಾದ ಪ್ರಶ್ನೆ ಕೇಳಲು ಅನುಕೂಲವಾಗಲೆಂದು ಇರುವ ಆಯ್ಕೆಗಳನ್ನು ವಿವರಿಸಿದೆ. ಮೀಥೈಲ್‌ಫೆನಿಡೇಟ್ ಒಂದು ಗಂಟೆಯೊಳಗೆ ಕೆಲಸ ಆರಂಭಿಸುತ್ತದೆ. ಸಾಧಾರಣ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಉಳಿದರೆ, ನಿಧಾನವಾಗಿ ಬಿಡುಗಡೆಯಾಗುವ ಬಗೆಯದು ಹಗಲಿನ ಬಹುಭಾಗಕ್ಕೆ ಸಾಕಾಗುತ್ತದೆ. ಹಸಿವು ಮತ್ತು ನಿದ್ರೆ ಕಡಿಮೆಯಾಗಬಹುದು. ದುರ್ಬಳಕೆಯ ಭಯವಿರುವುದರಿಂದ ಇದು ಮಾದಕವಸ್ತು ನಿಯಂತ್ರಣ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಉತ್ತೇಜಕವಲ್ಲದ ಅಟೊಮೊಕ್ಸೆಟಿನ್ ದಿನವಿಡೀ ಕೆಲಸ ಮಾಡುತ್ತದೆ, ಆದರೆ ಅದರ ಗುಣ ಕಾಣಲು ಹಲವು ವಾರ ಬೇಕು. ವಾಕರಿಕೆ, ಬಾಯಿ ಒಣಗುವುದು ಸಾಮಾನ್ಯ. ಬಿಪಿಯನ್ನು ಇದೂ ತುಸು ಏರಿಸಬಹುದು. ಕೆಲವು ಖಿನ್ನತೆಯ ಮಾತ್ರೆಗಳ ಜೊತೆ ಸೇರಿದರೆ ರಕ್ತದಲ್ಲಿ ಇದರ ಪ್ರಮಾಣ ಹೆಚ್ಚುತ್ತದೆ. ಈ ಎರಡೂ ಹೊಂದದಿದ್ದಾಗ ಖಿನ್ನತೆಯ ಮಾತ್ರೆಯಾದ ಬುಪ್ರೊಪಿಯಾನನ್ನು ಕೆಲವು ವೈದ್ಯರು ಪರಿಗಣಿಸುತ್ತಾರೆ, ಆದರೆ ಫಿಟ್ಸ್ ಇದ್ದವರಿಗೆ ಅದು ಕೂಡದು. ಅಮೆರಿಕದಲ್ಲಿರುವ ತಂಗಿ ಆಂಫೆಟಮೀನ್ ಜಾತಿಯ (ಇನ್ನೊಂದು ಬಗೆಯ ಉತ್ತೇಜಕ) ಮಾತ್ರೆ ತೆಗೆದುಕೊಳ್ಳುತ್ತಾಳಂತೆ, ಅವಳಿಂದ ತರಿಸಿಕೊಳ್ಳಲೇ ಎಂದೂ ಕೇಳಿದರು. ಖಂಡಿತ ಬೇಡ ಎಂದೆ. ಅದು ಕಾನೂನಿನ ತೊಡಕನ್ನೂ ತರುತ್ತದೆ.

ಮನೋವೈದ್ಯರು ಎಡಿಎಚ್‌ಡಿಯನ್ನು ಖಚಿತಪಡಿಸಿದರು. ಮೊದಲು ಬಿಪಿಯನ್ನು ಹತೋಟಿಗೆ ತಂದು, ಆಮೇಲೆ ಅಟೊಮೊಕ್ಸೆಟಿನ್ ಆರಂಭಿಸಿದರು. ಕೆಲವೇ ದಿನಗಳಲ್ಲಿ "ಏನೂ ಆಗ್ತಿಲ್ಲ, ಬಿಟ್ಟುಬಿಡ್ತೀನಿ" ಎಂದು ಅವರು ಫೋನ್ ಮಾಡಿದರು. ಇಷ್ಟು ಬೇಗ ತೀರ್ಮಾನಿಸುವುದು ಸರಿಯಲ್ಲ, ವಾಕರಿಕೆಯಿದ್ದರೆ ಊಟದ ನಂತರ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ, ಮನಸ್ಸು ತೀರಾ ಕುಸಿದರೆ ಅಥವಾ ಸಾಯುವ ಯೋಚನೆ ಬಂದರೆ ಕೂಡಲೇ ತಿಳಿಸಿ ಎಂದೆ.

ಈಗ ಕಡತ ಹಿಡಿದು ಕುಳಿತರೆ ಮುಗಿಸಿ ಏಳುತ್ತೇನೆ ಎನ್ನುತ್ತಾರೆ. ಕರೆಂಟ್ ಬಿಲ್ ಕಟ್ಟುವುದು ಮಾತ್ರ ಇನ್ನೂ ಮರೆಯುತ್ತದೆ. ಅದಕ್ಕೆ ಮೊಬೈಲ್ ಅಲಾರಂ ಮತ್ತು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಅಭ್ಯಾಸ ಶುರುವಾಗಿದೆ. ಮಗನ ಮಾತ್ರೆಗಳ ಬೀಗದ ಕೈಯನ್ನು ಗಂಡ ಇಟ್ಟುಕೊಂಡಿದ್ದಾರೆ, ಅದು ಈಕೆಯದೇ ಸಲಹೆಯಂತೆ.