ಓದುಗರ ಪ್ರಶ್ನೆ: ನೀಲಿ ಬೆಳಕು ಹಿಡಿಯುವ ತೆಳು ಪದರ

ಎಲ್‌ಇಡಿಯನ್ನು ಕಣ್ಣಿಗೆ ತಿಳಿಯದ ವೇಗದಲ್ಲಿ ಮಿನುಗಿಸಿ ದತ್ತಾಂಶ ಕಳಿಸುವುದೇ ಗೋಚರ ಬೆಳಕಿನ ಸಂವಹನ. ಆ ಬೆಳಕನ್ನು ಹಿಡಿದು ವಿದ್ಯುತ್ತಾಗಿಸುವ ತೆಳು ಪದರದ ಫೋಟೊಡಯೋಡ್ ಕುರಿತ ಮೂರು ಪತ್ರಗಳಿಗೆ ಈ ಸಲ ಉತ್ತರ.

ಪ್ರ: ಪಿ-ಸಿಲಿಕಾನ್ (ಎಲೆಕ್ಟ್ರಾನಿನ ಖಾಲಿ ಜಾಗಗಳು, ಅಂದರೆ ಹೋಲುಗಳು, ಹೆಚ್ಚಿರುವ ಸಿಲಿಕಾನ್) ಮೇಲೆ ಜಿಂಕ್ ಆಕ್ಸೈಡ್ ಪದರ ಕೂರಿಸಿ ಹೆಟೆರೋಜಂಕ್ಷನ್ (ಎರಡು ಬೇರೆ ಅರೆವಾಹಕಗಳ ಸಂಧಿ) ಮಾಡುತ್ತಿದ್ದೇನೆ. ಜಿಂಕ್ ಆಕ್ಸೈಡ್ 450 ನ್ಯಾನೊಮೀಟರ್‌ನ ನೀಲಿಯನ್ನು ಹೀರುವುದೇ ಇಲ್ಲ ಅನ್ನುತ್ತಾರೆ. ಮತ್ತೆ ಆ ಪದರ ಯಾಕೆ? ಅಲ್ಲದೆ ನನ್ನ ಐ-ವಿ (ಕರೆಂಟ್-ವೋಲ್ಟೇಜ್) ರೇಖೆ ಡಯೋಡಿನಂತೆ ಬಾಗದೆ ನೆಟ್ಟಗೆ ಬರುತ್ತಿದೆ. (ಎಂ.ಎಸ್ಸಿ ವಿದ್ಯಾರ್ಥಿನಿ, ಧಾರವಾಡ)

ಉ: ಹೀರುವುದಿಲ್ಲ, ನಿಜ. ಅದೇ ಅದರ ಉಪಯೋಗ. 1240ನ್ನು ನ್ಯಾನೊಮೀಟರ್ ತರಂಗಾಂತರದಿಂದ ಭಾಗಿಸಿದರೆ ಫೋಟಾನಿನ (ಬೆಳಕಿನ ಕಣದ) ಶಕ್ತಿ ಸಿಗುತ್ತದೆ: 450ಕ್ಕೆ 2.76 ಎಲೆಕ್ಟ್ರಾನ್ ವೋಲ್ಟ್; ಜಿಂಕ್ ಆಕ್ಸೈಡಿನ ಬ್ಯಾಂಡ್‌ಗ್ಯಾಪ್ (ಬೆಳಕು ಹೀರಲು ಬೇಕಾದ ಕನಿಷ್ಠ ಶಕ್ತಿ) ಸುಮಾರು 3.3. ನೀಲಿ ಬೆಳಕು ಅದನ್ನು ಕಿಟಕಿ ಗಾಜಿನಂತೆ ದಾಟಿ ಸಿಲಿಕಾನಿಗೆ ಬೀಳುತ್ತದೆ, ಅಲ್ಲಿ ಬಹುಪಾಲು ಮೊದಲ ಅರ್ಧ ಮೈಕ್ರಾನಿನಲ್ಲೇ ಕರಗಿಹೋಗುತ್ತದೆ. ಸಾಮಾನ್ಯ ಸಿಲಿಕಾನ್ ಡಯೋಡಿನಲ್ಲಿ ಆ ಮೇಲ್ಪದರಕ್ಕೆ ಡೋಪಿಂಗ್ (ಬೇಕೆಂದೇ ಬೆರೆಸಿದ ಅಶುದ್ಧಿ) ಜಾಸ್ತಿ, ಹುಟ್ಟಿದ ಎಲೆಕ್ಟ್ರಾನು-ಹೋಲುಗಳು ಜಂಕ್ಷನ್ ತಲುಪುವ ಮೊದಲೇ ಮತ್ತೆ ಕೂಡಿಕೊಳ್ಳುತ್ತವೆ. ನಿಮ್ಮದರಲ್ಲಿ ಜಂಕ್ಷನ್ ಇರುವುದೇ ಸಿಲಿಕಾನಿನ ಮೇಲ್ಮೈಯಲ್ಲಿ. ಎಲೆಕ್ಟ್ರಾನು ಇಳಿಜಾರಿನಲ್ಲಿ ಜಿಂಕ್ ಆಕ್ಸೈಡಿಗೆ ಜಾರುತ್ತದೆ, ಹೋಲಿಗೆ ಎದುರಾಗುವುದು 2.5 ಎಲೆಕ್ಟ್ರಾನ್ ವೋಲ್ಟಿನಷ್ಟು ಎತ್ತರದ ಗೋಡೆ.

ದಪ್ಪ 55 ನ್ಯಾನೊಮೀಟರ್ ಇರಲಿ. ಬರಿಯ ಸಿಲಿಕಾನ್ ನೀಲಿಯ ಶೇ 40ರಷ್ಟನ್ನು ವಾಪಸು ಎಸೆಯುತ್ತದೆ. ಈ ದಪ್ಪದ ಪದರ ಅದನ್ನೂ ತಡೆಯುತ್ತದೆ. 10 ಮಿ.ಲೀ. 2-ಮೆಥಾಕ್ಸಿಎಥನಾಲ್‌ಗೆ 1.1 ಗ್ರಾಂ ಜಿಂಕ್ ಅಸಿಟೇಟ್ ಡೈಹೈಡ್ರೇಟ್, 0.3 ಮಿ.ಲೀ. ಮೊನೊಎಥನಾಲ್‌ಅಮೀನ್ ಹಾಕಿ, 60 ಡಿಗ್ರಿಯಲ್ಲಿ 2 ಗಂಟೆ ಕಲಕಿ, ಒಂದು ದಿನ ಬಿಟ್ಟು ಸೋಸಿಕೊಳ್ಳಿ. (ಆ ದ್ರಾವಕ ವಿಷಕಾರಿ, ಫ್ಯೂಮ್ ಹುಡ್ ಬೇಕೇ ಬೇಕು.) ಸಿಲಿಕಾನ್ ಮೇಲೆ ಹನಿಸಿ 3000 ಆರ್‌ಪಿಎಂನಲ್ಲಿ 30 ಸೆಕೆಂಡು ಸ್ಪಿನ್ (ಗಿರ್ರನೆ ತಿರುಗಿಸಿ ಹರಡುವುದು), 300 ಡಿಗ್ರಿ ಹಾಟ್‌ಪ್ಲೇಟಿನಲ್ಲಿ 10 ನಿಮಿಷ. ಎರಡು ಸುತ್ತು ಸಾಮಾನ್ಯವಾಗಿ ಸಾಕು. ಕೊನೆಗೆ 450 ಡಿಗ್ರಿಯಲ್ಲಿ 1 ಗಂಟೆ. ಅಳೆಯುವ ಉಪಕರಣವಿಲ್ಲದಿದ್ದರೆ ಬಣ್ಣ ನೋಡಿ: ಸರಿಯಾದ ದಪ್ಪದಲ್ಲಿ ಚೂರು ಕಂದಾಗಿ ಕಾಣುತ್ತದೆ, ಗಾಢ ನೀಲಿಯಾಗಿದ್ದರೆ ದಪ್ಪ ಮೀರಿದೆ.

ಇನ್ನು ನೆಟ್ಟಗಿನ ರೇಖೆ. ಒಂದೇ ಸುತ್ತಿನಲ್ಲಿ ದಪ್ಪಗೆ ಬಳಿದರೆ ಒಣಗುವಾಗ ಪದರ ಬಿರಿಯುತ್ತದೆ, ಬಿರುಕಿನಲ್ಲಿ ಲೋಹ ಇಳಿದು ನೇರ ಸಿಲಿಕಾನ್ ಮುಟ್ಟುತ್ತದೆ. ಬೆಳ್ಳಿ ಪೇಸ್ಟ್ ಅಂಚಿನಿಂದ ಇಳಿದಿದ್ದರೂ ಅದೇ ಗತಿ. ಮೊದಲು ಈ ಎರಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ತಂತಿ ಜೋಡಿಸುವ ಲೋಹವಾಗಿ ಎರಡೂ ಬದಿಗೆ ಅಲ್ಯೂಮಿನಿಯಂ ಬಳಸಿ. ಜಿಂಕ್ ಆಕ್ಸೈಡ್ ಮೇಲೆ ಚಿನ್ನ ಇಟ್ಟರೆ ಅಲ್ಲೇ ಇನ್ನೊಂದು ಡಯೋಡ್ ಹುಟ್ಟಿ ಮೊದಲನೆಯದಕ್ಕೆ ಎದುರು ನಿಲ್ಲುತ್ತದೆ. ಸಿಲಿಕಾನ್ ಮೇಲಿನ ಸಹಜ ಆಕ್ಸೈಡನ್ನು ಬಳಿಯುವ ಮುನ್ನವೇ ತೆಗೆಯಬೇಕು. ಅದಕ್ಕೆ ಬಳಸುವ ಹೈಡ್ರೊಫ್ಲೋರಿಕ್ ಆಮ್ಲವನ್ನು ಮಾರ್ಗದರ್ಶಕರು ಪಕ್ಕದಲ್ಲಿಲ್ಲದೆ, ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟುಕದೆ ಮುಟ್ಟಲೇಬೇಡಿ.

ಪ್ರ: 1 ಸೆಂ.ಮೀ. ಚೌಕದ ಇಂಥದ್ದೇ ಡಯೋಡಿಗೆ 1 ಕಿಲೋಹರ್ಟ್ಸ್ ಚೌಕ ಅಲೆಯಲ್ಲಿ ನೀಲಿ ಎಲ್‌ಇಡಿ ಮಿನುಗಿಸಿದೆ. ಸಂಕೇತ ಸರಕ್ಕನೆ ಏರುತ್ತದೆ, ಇಳಿಯುವುದೇ ಇಲ್ಲ. ಪದರದಲ್ಲಿ ದೋಷವೇ? (ಸಂಶೋಧನಾ ವಿದ್ಯಾರ್ಥಿ, ಮೈಸೂರು)

ಉ: ಪದರವನ್ನು ಬೈಯುವ ಮೊದಲು ಆಸಿಲೊಸ್ಕೋಪ್ ನೋಡಿ. ನೇರ ಅದಕ್ಕೆ ಜೋಡಿಸಿದ್ದರೆ ಅದರ 1 ಮೆಗಾಓಮ್ ರೋಧವೇ ನಿಮ್ಮ ಲೋಡ್. ಡಿಪ್ಲಿಶನ್ ವಲಯ (ಜಂಕ್ಷನ್ ಬಳಿ ವಾಹಕಗಳು ಬರಿದಾದ ಪಟ್ಟಿ) 1 ಮೈಕ್ರಾನ್ ಅಂದುಕೊಂಡರೂ ಡಯೋಡಿನ ಕೆಪಾಸಿಟೆನ್ಸ್ 1 ಚದರ ಸೆಂ.ಮೀ.ಗೆ ಸುಮಾರು 10 ನ್ಯಾನೊಫ್ಯಾರಡ್. ರೋಧ, ಕೆಪಾಸಿಟೆನ್ಸ್ ಎರಡನ್ನೂ ಗುಣಿಸಿದರೆ ಇಳಿಯಲು ಬೇಕಾದ ಸಮಯದ ಅಂದಾಜು, 10 ಮಿಲಿಸೆಕೆಂಡ್. ನಿಮ್ಮ ಅಲೆಯ ಅರ್ಧ ಸುತ್ತು ಬರೀ 0.5 ಮಿಲಿಸೆಕೆಂಡ್. ಇಳಿಯಲು ಪುರಸೊತ್ತೆಲ್ಲಿ?

ಡಯೋಡಿಗೆ ಸಮಾಂತರವಾಗಿ 500 ಓಮ್, ಆಮೇಲೆ 50 ಓಮ್ ಹಾಕಿ. ಇಳಿಯುವ ಸಮಯ ಹತ್ತರಲ್ಲಿ ಒಂದು ಪಾಲಾದರೆ ತೊಂದರೆ ಸರ್ಕ್ಯೂಟಿನದು, ಕದಲದಿದ್ದರೆ ಪದರದ್ದು. ಸೆಕೆಂಡುಗಟ್ಟಲೆ ಎಳೆಯುವ ಬಾಲ ಉಳಿದರೆ ಅದು ಜಿಂಕ್ ಆಕ್ಸೈಡಿನ ಹಳೆಯ ಚಾಳಿ: ಬೆಳಕಿಗೆ ಮೇಲ್ಮೈಯ ಆಕ್ಸಿಜನ್ ಕಳಚುತ್ತದೆ, ಕತ್ತಲಲ್ಲಿ ನಿಧಾನವಾಗಿ ಮರಳಿ ಅಂಟುತ್ತದೆ.

50 ಓಮಿನಲ್ಲಿ ಸಂಕೇತ ಬಡಕಲಾಗುತ್ತದೆ. 100 ಮೈಕ್ರೊವ್ಯಾಟ್ ಬೆಳಕಿಗೆ 1.5 ಮಿಲಿವೋಲ್ಟ್ ಬಂದರೆ ಹೆಚ್ಚು. ಆದ್ದರಿಂದ ಕರೆಂಟನ್ನು ವೋಲ್ಟೇಜಾಗಿ ಹಿಗ್ಗಿಸುವ ಟ್ರಾನ್ಸ್‌ಇಂಪೀಡನ್ಸ್ ಆಂಪ್ಲಿಫೈಯರ್ ಬೇಕು. ಫೀಡ್‌ಬ್ಯಾಕ್ ರೋಧಕ್ಕೆ ಸಮಾಂತರವಾಗಿ ಪುಟ್ಟ ಕೆಪಾಸಿಟರ್ ಮರೆತರೆ ಅದು ಆಸಿಲೇಟ್ ಆಗುತ್ತದೆ. ನಿಜವಾದ ಮದ್ದು ವಿಸ್ತೀರ್ಣ ಇಳಿಸುವುದು. 1 ಚದರ ಮಿ.ಮೀ. ಆದರೆ 100 ಪಿಕೊಫ್ಯಾರಡ್, 50 ಓಮಿನಲ್ಲಿ 30 ಮೆಗಾಹರ್ಟ್ಸ್ ತನಕ ಲೆಕ್ಕಕ್ಕೆ ಸಿಗುತ್ತದೆ. ಕಳೆದ ಬೆಳಕನ್ನು ಲೆನ್ಸಿನಿಂದ ತುಂಬಿಕೊಳ್ಳಿ. ಮುಂದೆ ಬಿಳಿ ಎಲ್‌ಇಡಿ ಬಳಸುವುದಾದರೆ ಎದುರಿಗೆ ನೀಲಿ ಫಿಲ್ಟರ್ ಇಡಿ, ಅದರ ಹಳದಿ ಫಾಸ್ಫರ್ ಕೆಲವೇ ಮೆಗಾಹರ್ಟ್ಸ್‌ಗೆ ಸುಸ್ತಾಗುತ್ತದೆ.

ಪ್ರ: ನನ್ನ ಡಯೋಡ್ 450 ನ್ಯಾನೊಮೀಟರ್‌ನಲ್ಲಿ ವ್ಯಾಟಿಗೆ 0.2 ಆಂಪಿಯರ್ ಕೊಡುತ್ತದೆ. ಕೆಲವು ಪ್ರಬಂಧಗಳಲ್ಲಿ ಹತ್ತಾರು ಆಂಪಿಯರ್ ಎಂದಿದೆ. ಎಲ್ಲಿ ತಪ್ಪಿದೆ? (ಉಪನ್ಯಾಸಕರು, ಹಾಸನ)

ಉ: ತಪ್ಪಿಲ್ಲ. ಒಂದು ಫೋಟಾನಿಗೆ ಒಂದು ಎಲೆಕ್ಟ್ರಾನ್ ಅಂದರೂ ಮಿತಿ 450/1240, ಅಂದರೆ 0.36. ನಿಮ್ಮದು ಶೇ 55 ದಕ್ಷತೆ. 0.36 ಮೀರಿದ ಅಂಕಿಯೆಲ್ಲ ಗೇನ್ (ವರ್ಧನೆ): ಹೋಲು ಎಲ್ಲೋ ಸಿಕ್ಕಿಬಿದ್ದು, ಅದು ಬಿಡಿಸಿಕೊಳ್ಳುವ ತನಕ ಎಲೆಕ್ಟ್ರಾನುಗಳು ಸರ್ಕ್ಯೂಟಿನಲ್ಲಿ ಸುತ್ತುತ್ತಲೇ ಇರುತ್ತವೆ. ಹೋಲು ಹೆಚ್ಚು ಹೊತ್ತು ಸಿಕ್ಕಿಬಿದ್ದಷ್ಟೂ ಗೇನ್ ಹೆಚ್ಚು, ವೇಗ ಕಡಿಮೆ. ಬೆಳಕಿನ ಮೀಟರಿಗೆ ಅದು ಚೆನ್ನ, ಸಂವಹನಕ್ಕೆ ಬಾರದು. ಪ್ರಬಂಧದಲ್ಲಿ 3 ಡೆಸಿಬೆಲ್ ಆವರ್ತನ (ಸಂಕೇತದ ವಿದ್ಯುತ್ ಶಕ್ತಿ ಅರ್ಧಕ್ಕಿಳಿಯುವ ಆವರ್ತನ) ಕೊಟ್ಟಿದ್ದಾರಾ ಹುಡುಕಿ. ನಿಮ್ಮ ಲೆಕ್ಕದಲ್ಲೂ ಒಂದು ಪರೀಕ್ಷೆ ಮಾಡಿ: ಬೆಳಕಿನ ಚುಕ್ಕೆ ಡಯೋಡಿಗಿಂತ ದೊಡ್ಡದಿದ್ದರೆ ಡಯೋಡಿನ ಮೇಲೆ ಬಿದ್ದ ಪಾಲಿನಿಂದ ಮಾತ್ರ ಭಾಗಿಸಿ; ಇಡೀ ಚುಕ್ಕೆಯಿಂದ ಭಾಗಿಸಿದ್ದರೆ 0.2 ಎಂಬುದೇ ಕಡಿಮೆಯಾಗಿ ಬಂದಿರುತ್ತದೆ.