ಬಳಸದ ಸ್ಟ್ರಿಂಗ್‌ಗಳನ್ನು ಅಳಿಸುವ ಮೊದಲು

ನಿಮ್ಮ ಆ್ಯಂಡ್ರಾಯ್ಡ್ ಆ್ಯಪ್‌ನ ಸ್ಟ್ರಿಂಗ್ಸ್ ಫೈಲ್ (ಸ್ಕ್ರೀನಿನಲ್ಲಿ ತೋರಿಸುವ ಮಾತುಗಳನ್ನು ಇಡುವ ಫೈಲ್) ವಿಪರೀತ ಬೆಳೆದಿದೆ, ಅರ್ಧಕ್ಕರ್ಧ ಯಾವ ಸ್ಕ್ರೀನಿನಲ್ಲೂ ಕಾಣುವುದಿಲ್ಲ, ಆ್ಯಂಡ್ರಾಯ್ಡ್ ಸ್ಟುಡಿಯೋದಲ್ಲಿರುವ ‘ರಿಮೂವ್ ಅನ್‌ಯೂಸ್ಡ್ ರಿಸೋರ್ಸಸ್’ ಒತ್ತಿಬಿಟ್ಟರೆ ಆಗುತ್ತಾ ಅಂತ ಕೇಳಿದ್ದೀರಿ. ಒತ್ತಬಹುದು. ಆದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ.

ಇಡೀ ಪ್ರಾಜೆಕ್ಟಿನಲ್ಲಿ ‘ಗೆಟ್‌ಐಡೆಂಟಿಫೈಯರ್’ (getIdentifier) ಅಂತ ಹುಡುಕಿ. ಹೆಸರು ಕೊಟ್ಟರೆ ಆ ಸ್ಟ್ರಿಂಗಿನ ಐಡಿ ನಂಬರ್ ಹುಡುಕಿಕೊಡುವ ಫಂಕ್ಷನ್ ಅದು. ಕೋಡಿನಲ್ಲೋ ಲೇಔಟಿನಲ್ಲೋ ನೇರವಾಗಿ ಹೆಸರು ಬರೆದು ಬಳಸಿದ ಸ್ಟ್ರಿಂಗ್ ತಪ್ಪಿ ಅಳಿಸಿ ಹೋದರೂ ಭಯವಿಲ್ಲ, ಬಿಲ್ಡ್ (ಕೋಡಿನಿಂದ ಆ್ಯಪ್ ತಯಾರಾಗುವ ಹಂತ) ಅಲ್ಲೇ ನಿಂತು ಹೇಳುತ್ತದೆ. ಆದರೆ ‘ಎರರ್_’ ಅನ್ನುವುದಕ್ಕೆ ಸರ್ವರ್ ಕೊಟ್ಟ ನಂಬರ್ ಸೇರಿಸಿ, ಆ್ಯಪ್ ಓಡುವಾಗ ಹೆಸರು ಕಟ್ಟಿಕೊಳ್ಳುವ ಕೋಡ್ ಇದ್ದರೆ ಬಿಲ್ಡ್ ಸಲೀಸಾಗಿ ಆಗುತ್ತದೆ. ಆ ಸ್ಟ್ರಿಂಗ್ ಇಲ್ಲದಿದ್ದರೆ ಗೆಟ್‌ಐಡೆಂಟಿಫೈಯರ್ ಸೊನ್ನೆ ಕೊಡುತ್ತದೆ. ಆ ಸೊನ್ನೆಯನ್ನೇ, ಸ್ಟ್ರಿಂಗಿನ ಮಾತನ್ನು ತಂದುಕೊಡುವ ಗೆಟ್‌ಸ್ಟ್ರಿಂಗ್‌ಗೆ ಕೊಟ್ಟರೆ ಆ್ಯಪ್ ಕ್ರ್ಯಾಶ್. ಅದೂ ಎರರ್ ಬಂದಾಗ ಮಾತ್ರ. ಅಂದರೆ ನಿಮ್ಮ ಟೆಸ್ಟಿಂಗಿನಲ್ಲಿ ಸಿಗದೆ, ಬಳಸುವವರ ಕೈಯಲ್ಲೇ ಸಿಗುತ್ತದೆ.

ಇಂಥ ಜಾಗ ಸಿಕ್ಕರೆ ಅದನ್ನು ಕಾಟ್ಲಿನ್ ಭಾಷೆಯ ‘ವೆನ್’ ಬ್ಲಾಕ್ ಮಾಡಿ, ಪ್ರತಿ ನಂಬರಿಗೂ ಸ್ಟ್ರಿಂಗ್ ಹೆಸರು ನೇರವಾಗಿ ಬರೆಯಿರಿ. ಸಾಲು ಜಾಸ್ತಿ ಆಗುತ್ತದೆ, ಆಗಲಿ. ಯಾವುದು ಬಳಕೆಯಲ್ಲಿದೆ ಅಂತ ಲಿಂಟ್‌ಗೂ (ಕೋಡ್ ತಪಾಸಣೆ ಮಾಡುವ ಟೂಲ್) ಗೊತ್ತಾಗುತ್ತದೆ, ಮುಂದೆ ಕೋಡ್ ಓದುವವರಿಗೂ ಗೊತ್ತಾಗುತ್ತದೆ. ಹಾಗೆ ಬದಲಿಸಲು ಆಗದಿದ್ದರೆ ರಾ (res/raw) ಫೋಲ್ಡರಿನಲ್ಲಿ ಒಂದು ಕೀಪ್ ಫೈಲ್ ಇಟ್ಟು, ಉಳಿಸಬೇಕಾದ್ದನ್ನು ಹೇಳುವ ‘ಟೂಲ್ಸ್:ಕೀಪ್’ನಲ್ಲಿ ‘ಎರರ್_’ ಆದ ಮೇಲೆ ನಕ್ಷತ್ರ ಚಿಹ್ನೆ (*) ಹಾಕಿ. ಆ ಗುಂಪನ್ನು ಲಿಂಟ್ ಮುಟ್ಟುವುದಿಲ್ಲ.

ಆಮೇಲೆ ಲಿಂಟ್ ಓಡಿಸಿ. ಮಾಡ್ಯೂಲ್‌ಗಳು (ಪ್ರಾಜೆಕ್ಟಿನ ಭಾಗಗಳು) ಬೇರೆ ಬೇರೆ ಇದ್ದರೆ ಆ್ಯಪ್ ಮಾಡ್ಯೂಲಿನಲ್ಲಿ ‘ಚೆಕ್‌ಡಿಪೆಂಡೆನ್ಸೀಸ್’ ಆನ್ ಮಾಡಿಯೇ ಓಡಿಸಿ. ಲೈಬ್ರರಿಯಲ್ಲಿರುವ ಸ್ಟ್ರಿಂಗನ್ನು ಬೇರೆ ಮಾಡ್ಯೂಲ್ ಬಳಸುತ್ತಿದೆಯಾ ಅಂತ ಆಗಲೇ ಸರಿಯಾಗಿ ಗೊತ್ತಾಗುವುದು. ಫ್ಲೇವರ್‌ಗಳಿದ್ದರೆ (ಒಂದೇ ಆ್ಯಪ್‌ನ ಬೇರೆ ಬೇರೆ ರೂಪಗಳು) ಪ್ರತಿಯೊಂದಕ್ಕೂ ವರದಿ ತೆಗೆದು, ಎಲ್ಲದರಲ್ಲೂ ಬಂದ ಹೆಸರನ್ನು ಮಾತ್ರ ಅಳಿಸಿ. ಹಳೆಯ ಲಿಂಟ್ ಬೇಸ್‌ಲೈನ್ ಫೈಲ್ ಇದ್ದರೆ ಅದನ್ನು ಪಕ್ಕಕ್ಕಿಡಿ, ಹಳೆಯ ಎಚ್ಚರಿಕೆಗಳನ್ನೆಲ್ಲ ಅದು ಮುಚ್ಚಿಡುತ್ತದೆ.

ಈಗ ಆ ಬಟನ್ ಒತ್ತಿ. ಬಳಸದ ಐಡಿಗಳನ್ನೂ ಅಳಿಸಲಾ ಅಂತ ಕೇಳುವ ಟಿಕ್ ಬೇಡ, ಅದು ಬೇರೆಯೇ ಕೆಲಸ. ಪ್ರಿವ್ಯೂ ಪೂರ್ತಿ ಓದಿ. ಒಂದೇ ಸಲಕ್ಕೆ ಎಲ್ಲ ಸಿಗದೆಯೂ ಇರಬಹುದು, ಹಾಗಾಗಿ ವರದಿ ಖಾಲಿ ಬರುವವರೆಗೂ ಮತ್ತೆ ಓಡಿಸುತ್ತಿರಿ. ಅಳಿಸಿದ್ದನ್ನು ಬೇರೆ ಯಾವ ಬದಲಾವಣೆಯೂ ಸೇರದ ಒಂದೇ ಕಮಿಟ್ ಮಾಡಿ, ಬೇಕಾದರೆ ಹಿಂದಕ್ಕೆ ತರುವುದು ಸುಲಭ. ಇನ್ನೂ ಮರ್ಜ್ ಆಗದ ಬ್ರ್ಯಾಂಚ್‌ಗಳಲ್ಲಿ ಯಾರಾದರೂ ಅದೇ ಸ್ಟ್ರಿಂಗ್ ಬಳಸುತ್ತಿದ್ದಾರಾ ಅಂತ ಕೇಳಿಬಿಡಿ.

ಅನುವಾದದ ಫೈಲ್‌ಗಳನ್ನು ಮರೆಯಲೇಬಾರದು. ಮೂಲ ಫೈಲಿನಲ್ಲಿ ಅಳಿಸಿ ಕನ್ನಡ, ಹಿಂದಿ ಫೈಲ್‌ಗಳಲ್ಲಿ ಬಿಟ್ಟರೆ ಲಿಂಟ್ ‘ಎಕ್ಸ್‌ಟ್ರಾ ಟ್ರಾನ್ಸ್‌ಲೇಶನ್’ ಅಂತ ಹೇಳಿ ರಿಲೀಸ್ ಬಿಲ್ಡನ್ನೇ ತಡೆಯುತ್ತದೆ. ಅನುವಾದಕ್ಕೆ ಬೇರೆ ವೆಬ್ ಸೇವೆ ಬಳಸುತ್ತಿದ್ದರೆ ಅಲ್ಲೂ ತೆಗೆಯಿರಿ. ಇಲ್ಲದಿದ್ದರೆ ಮುಂದಿನ ಸಿಂಕ್‌ನಲ್ಲಿ ಅಳಿಸಿದ್ದೆಲ್ಲ ವಾಪಸ್ ಬರಬಹುದು. ನನಗೆ ಈ ಕೆಲಸ ಮುಖ್ಯ ಅನಿಸುವುದೇ ಇದಕ್ಕೆ. ಆ್ಯಪ್ ಸೈಜ್ ಕಡಿಮೆಯಾಗುವುದು ಅಷ್ಟಕ್ಕಷ್ಟೇ. ಆದರೆ ಯಾರೂ ನೋಡದ ಸಾಲಿಗೆ ಸರಿಯಾದ ಮಾತು ಹುಡುಕುತ್ತಾ ಅನುವಾದಕರು ಕೂರುವುದು ಅನ್ಯಾಯ ಅಲ್ವಾ? ಎಷ್ಟೋ ಆ್ಯಪ್‌ಗಳಿಗೆ ಅವರು ದುಡ್ಡಿಲ್ಲದೆ ಮಾಡಿಕೊಡುತ್ತಾರೆ.

ಎಲ್ಲ ಮುಗಿದ ಮೇಲೆ ಬಿಲ್ಡ್ ಸೆಟ್ಟಿಂಗ್‌ಗಳಿರುವ ಗ್ರೇಡಲ್ ಫೈಲಿನ ಲಿಂಟ್ ಬ್ಲಾಕಿನಲ್ಲಿ ‘ಅನ್‌ಯೂಸ್ಡ್‌ರಿಸೋರ್ಸಸ್’ ಅನ್ನು ಎರರ್ ಮಟ್ಟಕ್ಕೆ ಏರಿಸಿಡಿ, ಹೊಸ ಕಸ ಬಂದರೆ ಮುಂದಿನ ಸಲ ಲಿಂಟ್ ಓಡಿಸಿದಾಗಲೇ ಎರರ್ ಬಂದು ತಿಳಿಯುತ್ತದೆ. ನಿಮ್ಮ ಗೆಟ್‌ಐಡೆಂಟಿಫೈಯರ್ ಸಾಲುಗಳು ಗೋಜಲಾಗಿದ್ದರೆ ಇಲ್ಲೇ ಹಾಕಿ, ಕೂತು ಬಿಡಿಸೋಣ.