ದೆಹಲಿಯ ಹಳೇ ಸಂಸತ್ ಭವನ ಯಾಕೆ ದುಂಡಗಿದೆ?

ಮೂರು ಸಭೆಗಳನ್ನು ಒಂದೇ ಕಟ್ಟಡದಲ್ಲಿ ಕೂರಿಸಬೇಕಿತ್ತು, ಜೊತೆಗೆ ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್‌ಗೆ ವೃತ್ತವೇ ಬೇಕಿತ್ತು, ಅದಕ್ಕೇ. 1919ರ ಆಡಳಿತ ಸುಧಾರಣೆ ಬಂದ ಮೇಲೆ ಬ್ರಿಟಿಷರಿಗೆ ಕೆಳಮನೆ, ಮೇಲ್ಮನೆ, ರಾಜಮಹಾರಾಜರ ಸಭೆ ಅಂತ ಮೂರು ಸಭಾಂಗಣ ಬೇಕಾದವು. ಜೊತೆಗಿದ್ದ ಇನ್ನೊಬ್ಬ ವಾಸ್ತುಶಿಲ್ಪಿ ಹರ್ಬರ್ಟ್ ಬೇಕರ್ ಮೊದಲು ಬರೆದದ್ದು ತ್ರಿಕೋನದ ನಕ್ಷೆ, ಲುಟ್ಯೆನ್ಸ್ ಹಟ ಹಿಡಿದು ಅದನ್ನು ದುಂಡಗೆ ಮಾಡಿಸಿದರು. ನಡುವೆ ಸೆಂಟ್ರಲ್ ಹಾಲ್, ಅದರ ಸುತ್ತ ಅರ್ಧವೃತ್ತದ ಮೂರು ಸಭಾಂಗಣ, ಅಷ್ಟನ್ನೂ ಸುತ್ತುವರಿದು ಹೊರಗೆ 144 ಕಂಬಗಳ ಮೊಗಸಾಲೆ. ಉದ್ಘಾಟನೆಯಾದದ್ದು 1927ರಲ್ಲಿ. ರಾಜರ ಸಭಾಂಗಣದಲ್ಲಂತೂ ಮುಂದೆ 1958ರ ತನಕ ಸುಪ್ರೀಂ ಕೋರ್ಟ್ ನಡೆಯಿತು!

ಮಧ್ಯಪ್ರದೇಶದ ಮಿತಾವಲಿಯ ದುಂಡನೆಯ ಯೋಗಿನಿ ಗುಡಿ ನೋಡಿ ಕಟ್ಟಿದ್ದು ಅನ್ನುವ ಮಾತು ಜಾಸ್ತಿ ಓಡಾಡುತ್ತದೆ ಅಲ್ವಾ? ಹೋಲಿಕೆ ಇದೆ ನಿಜ, ಆದರೆ ಲುಟ್ಯೆನ್ಸ್ ಆಗಲಿ ಬೇಕರ್ ಆಗಲಿ ಹಾಗೆ ಹೇಳಿದ್ದಕ್ಕೆ ದಾಖಲೆ ಸಿಕ್ಕಿಲ್ಲ.